ಐದನೇ ತಿಂಗಳ ಗರ್ಭಪಾತ: ಆಸ್ಪತ್ರೆಯಲ್ಲಿ ಏನೇನಾಗುತ್ತದೆ, ಮನೆಗೆ ಬಂದ ಮೇಲೆ ಏನು

ಎರಡು ಮೂರು ತಿಂಗಳ ಗರ್ಭವಾದರೆ ಜನ ‘ಕ್ಲೀನಿಂಗ್ ಮಾಡಿಸಿದರು’ ಅನ್ನುತ್ತಾರೆ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ ಬರುವ ಕೆಲಸ ಅದು. ಐದನೇ ತಿಂಗಳಲ್ಲೂ ಹಾಗೇ ಇರುತ್ತದೆ ಅಂದುಕೊಂಡು ಬಂದವರಿಗೆ ಲೇಬರ್ ವಾರ್ಡಿನ ಮಂಚ ತೋರಿಸಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ. ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಸಾಕಿತ್ತು: ಈ ಹೊತ್ತಿನಲ್ಲಿ ಆಗುವುದು ಹೆರಿಗೆ. ಮಾತ್ರೆ ಕೊಟ್ಟು ನೋವು ಬರಿಸುತ್ತಾರೆ, ಗರ್ಭಕೋಶದ ಬಾಯಿ ತೆರೆಯುತ್ತದೆ, ಮಗು ಹೊರಬರುತ್ತದೆ, ಆಮೇಲೆ ಕಸ (ಮಾಸು, ಅಂದರೆ ಪ್ಲಾಸೆಂಟಾ) ಬೀಳುತ್ತದೆ. ಮೂರನೇ ದಿನ ಎದೆಯಲ್ಲಿ ಹಾಲೂ ತುಂಬಬಹುದು. ಒಂದರಿಂದ ಮೂರು ದಿನ ಆಸ್ಪತ್ರೆಯಲ್ಲಿ ಇರಬೇಕಾದೀತು ಎಂದುಕೊಂಡೇ ಹೊರಡಿ.

ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ 18ರಿಂದ 24 ವಾರದ ನಡುವಿನ ವಿಷಯ. ಮಗುವಿನ ಅಂಗಾಂಗ ಸರಿಯಿದೆಯೇ ಎಂದು ನೋಡುವ ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿಗೆ ದೊಡ್ಡ ತೊಂದರೆ ಕಂಡು, ಗರ್ಭ ಮುಂದುವರಿಸುವುದು ಬೇಡ ಎಂದು ತೀರ್ಮಾನಿಸಿದವರಿಗೆ ಇದು. ಬೇರೆ ಕಾರಣಕ್ಕೆ ಬಂದವರಿಗೂ ಆಸ್ಪತ್ರೆಯೊಳಗಿನ ಕ್ರಮ ಹೆಚ್ಚುಕಡಿಮೆ ಇದೇ.

ವಾರದ ಲೆಕ್ಕ, ಕಾಗದದ ಕೆಲಸ

ವಾರ ಎಣಿಸುವುದು ಕಡೆಯ ಮುಟ್ಟಿನ ಮೊದಲ ದಿನದಿಂದ. ಮುಟ್ಟಿನ ತಾರೀಕು ಸರಿಯಾಗಿ ನೆನಪಿಲ್ಲದಿದ್ದರೆ ಅಥವಾ ಮೊದಲ ಮೂರು ತಿಂಗಳ ಸ್ಕ್ಯಾನ್ ಬೇರೆ ಲೆಕ್ಕ ತೋರಿಸಿದ್ದರೆ ಆ ಸ್ಕ್ಯಾನಿನ ಲೆಕ್ಕವೇ ಹೆಚ್ಚು ನಂಬಿಕೆಯದು. ಆದ್ದರಿಂದ ತಾಯಿ ಕಾರ್ಡ್ ಜೊತೆಗೆ ಆ ಮೊದಲ ಸ್ಕ್ಯಾನ್ ರಿಪೋರ್ಟನ್ನೂ ಹುಡುಕಿ ಇಟ್ಟುಕೊಳ್ಳಿ. ಮೂರು ನಾಲ್ಕು ದಿನದ ವ್ಯತ್ಯಾಸಕ್ಕೆ ಇಲ್ಲಿ ಬೆಲೆ ಇದೆ.

ಗರ್ಭಪಾತದ ಕಾನೂನಾದ 1971ರ ಎಂಟಿಪಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಯಿತು. ಈಗಿನ ನಿಯಮ ಹೀಗಿದೆ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20 ದಾಟಿ 24ರವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಜೊತೆಗೆ ನಿಯಮದಲ್ಲಿ ಹೇಳಿದ ಕಾರಣಗಳಲ್ಲೊಂದು ಇರಬೇಕು: ಮಗುವಿನ ಗಂಭೀರ ದೋಷ, ಅತ್ಯಾಚಾರ ಅಥವಾ ಹತ್ತಿರದ ಸಂಬಂಧಿಯಿಂದಾದ ಗರ್ಭ, ಹುಡುಗಿಗೆ 18 ತುಂಬಿಲ್ಲದಿರುವುದು, ಗರ್ಭಿಣಿಯಾಗಿದ್ದಾಗಲೇ ಗಂಡ ತೀರಿಕೊಂಡಿರುವುದು ಇಲ್ಲವೇ ವಿಚ್ಛೇದನವಾಗಿರುವುದು, ತೀವ್ರ ಅಂಗವೈಕಲ್ಯ, ಮಾನಸಿಕ ಕಾಯಿಲೆ, ಸರ್ಕಾರ ಘೋಷಿಸಿದ ವಿಪತ್ತಿನ ಪರಿಸ್ಥಿತಿ. ಮದುವೆಯಾಗದವರಿಗೂ ಈ 24 ವಾರದ ಅವಕಾಶ ಇದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. 24 ವಾರ ದಾಟಿದರೆ ಮಗುವಿನ ಗಂಭೀರ ದೋಷ ಒಂದೇ ಕಾರಣ, ಅದನ್ನು ನೋಡಿ ಹೇಳುವುದು ಮೆಡಿಕಲ್ ಬೋರ್ಡ್. ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಅದರಲ್ಲಿರುತ್ತಾರೆ. ಅರ್ಜಿ ಕೈಗೆ ಬಂದ 3 ದಿನದಲ್ಲಿ ಬೋರ್ಡ್ ಅಭಿಪ್ರಾಯ ಕೊಡಬೇಕು, ಒಪ್ಪಿದರೆ ಅರ್ಜಿಯ ದಿನದಿಂದ 5 ದಿನದೊಳಗೆ ಗರ್ಭಪಾತ ಆಗುವಂತೆ ನೋಡಿಕೊಳ್ಳಬೇಕು. ಬೇರೆ ಕಾರಣಗಳಿಗೆ 24 ದಾಟಿದವರು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿಯಲ್ಲಿ ಅದರ ಪೀಠಗಳಿವೆ. ತಾಯಿಯ ಜೀವ ಉಳಿಸಲು ತಕ್ಷಣ ಮಾಡಲೇಬೇಕಾದಾಗ ಈ ಯಾವ ವಾರದ ಮಿತಿಯೂ ಅಡ್ಡ ಬರುವುದಿಲ್ಲ.

ಸಹಿ ನಿಮ್ಮದು ಮಾತ್ರ ಬೇಕು. ಅದು ಫಾರ್ಮ್ ಸಿ ಎಂಬ ಒಪ್ಪಿಗೆ ಪತ್ರ. ‘ಗಂಡನ ಸಹಿ ಇಲ್ಲದೆ ಆಗಲ್ಲ’ ಎಂದು ಕೌಂಟರಿನಲ್ಲಿ ಹೇಳುವುದು ರೂಢಿಯೇ ಹೊರತು ಕಾನೂನಿನಲ್ಲಿ ಅಂಥ ಮಾತಿಲ್ಲ. 18 ತುಂಬದವರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ ಪೋಷಕರ ಸಹಿ ಬೇಕು. 18ರ ಒಳಗಿನವರ ಪ್ರಕರಣವನ್ನು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ) ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಹೆಸರು, ಗುರುತು ಬಿಟ್ಟುಕೊಡಬೇಕಿಲ್ಲ ಎಂದು ಅದೇ 2022ರ ತೀರ್ಪು ಹೇಳಿದೆ. ಯಾರ ಪ್ರಕರಣವೇ ಆಗಲಿ, ಕಾನೂನಿನ ಅಧಿಕಾರ ಇಲ್ಲದವರಿಗೆ ಹೆಸರು ಹೊರಹಾಕಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಖಾಸಗಿ ನರ್ಸಿಂಗ್ ಹೋಮ್ ಆದರೆ 12 ವಾರದ ಮೇಲಿನದಕ್ಕೆ ಅವರಿಗೆ ಅನುಮತಿ ಇದೆಯೇ ಎಂದು ಕೇಳಿ. ಅನುಮತಿ ಪತ್ರ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲಿರಬೇಕು. ಸರ್ಕಾರಿ ಆಸ್ಪತ್ರೆಗಳಿಗೆ ಬೇರೆ ಅನುಮತಿ ಬೇಕಿಲ್ಲ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಶನ್‌ನಂಥ ದೊಡ್ಡ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ಅನುಕೂಲ ಇದೆ: ಅರಿವಳಿಕೆ ತಜ್ಞರು, ರಕ್ತನಿಧಿ, ಆಪರೇಷನ್ ಥಿಯೇಟರ್ ಹತ್ತಿರದಲ್ಲೇ ಇರುತ್ತವೆ. ಸಿಸೇರಿಯನ್ ಆದವರು, ರಕ್ತ ಕಡಿಮೆ ಇರುವವರು ಸಣ್ಣ ಜಾಗಕ್ಕೆ ಹೋಗದಿರುವುದೇ ಲೇಸು.

ಸಮಯ ಸೋರಿಹೋಗುವ ಜಾಗ ಒಂದಿದೆ, ಅದನ್ನು ಹೇಳಲೇಬೇಕು. ಅನಾಮಲಿ ಸ್ಕ್ಯಾನನ್ನು 18–19 ವಾರಕ್ಕೆ ಮಾಡಿಸಿದವರಿಗೆ ಯೋಚಿಸಲು ಐದಾರು ವಾರ ಸಿಗುತ್ತದೆ. 22ಕ್ಕೆ ಮಾಡಿಸಿದವರಿಗೆ ಎರಡೇ ವಾರ. ಅದರಲ್ಲಿ ಗರ್ಭನೀರಿನ ಪರೀಕ್ಷೆಗೆ ಸೂಜಿ ಹಾಕಿದರೆ ಶೀಘ್ರ ಪರೀಕ್ಷೆಯ ಫಲಿತಾಂಶಕ್ಕೆ ಎರಡು ಮೂರು ದಿನ, ಪೂರ್ಣ ಕ್ರೋಮೋಸೋಮ್ ವರದಿಗೆ ಎರಡರಿಂದ ಮೂರು ವಾರ. ವರದಿ ಬರಲಿ ಎಂದು ಕೈಕಟ್ಟಿ ಕೂತರೆ 24 ದಾಟಿಬಿಡುತ್ತದೆ. ಕಾಯುತ್ತಿರುವಾಗಲೇ ಎರಡನೇ ವೈದ್ಯರನ್ನು ನೋಡಿ, ‘ವರದಿ ಕೆಟ್ಟದಾಗಿ ಬಂದರೆ ಯಾವ ದಿನದೊಳಗೆ ಅಡ್ಮಿಟ್ ಆಗಬೇಕು’ ಎಂದು ಕೇಳಿ ಆ ತಾರೀಕನ್ನು ಬರೆದಿಟ್ಟುಕೊಳ್ಳಿ.

ಮೆಡಿಕಲ್ ಶಾಪಿನ ಮಾತ್ರೆ

ಅಂಗಡಿಯಲ್ಲಿ ಸಿಗುವ ಗರ್ಭಪಾತದ ಕಿಟ್ 9 ವಾರದೊಳಗಿನ ಗರ್ಭಕ್ಕೆ ಮಾತ್ರ, ಅದೂ ವೈದ್ಯರ ಚೀಟಿಯ ಮೇಲೆ. ಐದನೇ ತಿಂಗಳಲ್ಲಿ ಮನೆಯಲ್ಲಿ ಅದನ್ನು ನುಂಗಿದರೆ ಮಗು ಬಿದ್ದು ಕಸ ಒಳಗೇ ಉಳಿಯಬಹುದು, ರಕ್ತ ನಿಲ್ಲದೆ ಹೋಗಬಹುದು. ಹಳೆಯ ಸಿಸೇರಿಯನ್ ಗಾಯ ಇದ್ದರೆ ಗರ್ಭಕೋಶವೇ ಹರಿಯಬಹುದು. ಈಗಾಗಲೇ ನುಂಗಿದ್ದರೆ ಆಸ್ಪತ್ರೆಗೆ ಹೋಗಿ ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿಗೆ ಎಂದು ಇದ್ದದ್ದು ಇದ್ದಹಾಗೆ ಹೇಳಿ. ‘ಬಿದ್ದೆ’ ಎಂದು ಸುಳ್ಳು ಹೇಳಿದರೆ ಮುಂದಿನ ಡೋಸಿನ ಲೆಕ್ಕ ತಪ್ಪಿಹೋಗುತ್ತದೆ.

ಅಡ್ಮಿಟ್ ಆಗುವ ದಿನ

ಹಿಮೋಗ್ಲೋಬಿನ್, ರಕ್ತದ ಗುಂಪು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಎಚ್‌ಐವಿ, ಹೆಪಟೈಟಿಸ್ ಬಿ ನೋಡುತ್ತಾರೆ. ಸ್ಕ್ಯಾನ್‌ನಲ್ಲಿ ಕಸ ಎಲ್ಲಿ ಅಂಟಿಕೊಂಡಿದೆ ಎಂದು ನೋಡಿಸಿಕೊಳ್ಳಲೇಬೇಕು. ಕಸ ಕೆಳಗಿದ್ದರೆ, ಅದರಲ್ಲೂ ಹಳೆಯ ಸಿಸೇರಿಯನ್ ಗಾಯದ ಮೇಲೇ ಕೂತಿದ್ದರೆ, ಮಾತ್ರೆ ಕೊಡುವ ಮೊದಲೇ ಯೋಜನೆ ಬದಲಾಗುತ್ತದೆ, ರಕ್ತ ಸಿದ್ಧ ಇಟ್ಟುಕೊಳ್ಳುತ್ತಾರೆ.

ನೀವಾಗಿಯೇ ಹೇಳಬೇಕಾದವು: ಹಿಂದಿನ ಸಿಸೇರಿಯನ್ ಅಥವಾ ಗರ್ಭಕೋಶದ ಗಡ್ಡೆ ಆಪರೇಷನ್, ಅಸ್ತಮಾಕ್ಕೋ ಕೀಲುನೋವಿಗೋ ಬಹಳ ಕಾಲದಿಂದ ನುಂಗುತ್ತಿರುವ ಸ್ಟೆರಾಯ್ಡ್ ಮಾತ್ರೆ, ರಕ್ತ ತೆಳುವಾಗುವ ಔಷಧಿ, ಬಿಪಿ, ಹೃದಯದ ತೊಂದರೆ, ಯಾವುದಾದರೂ ಔಷಧಿಗೆ ಅಲರ್ಜಿ. ಸಿಸೇರಿಯನ್ ಆಗಿದ್ದರೆ ಆಗಿನ ಡಿಸ್ಚಾರ್ಜ್ ಕಾಗದ ತನ್ನಿ. ಹೊಟ್ಟೆಯ ಮೇಲಿನ ಹೊಲಿಗೆ ನೋಡಿ ಒಳಗಿನ ಹೊಲಿಗೆ ಹೇಗಿದೆ ಎಂದು ಹೇಳಲಾಗುವುದಿಲ್ಲ.

ಚೀಲಕ್ಕೆ ಎರಡು ಮೂರು ಹಳೆಯ ನೈಟಿ, ಹೆರಿಗೆಗೆ ಬಳಸುವ ದೊಡ್ಡ ಪ್ಯಾಡ್, ಕಪ್ಪು ಬಣ್ಣದ ಒಳಉಡುಪು, ಬಿಗಿಯಾದ ಬ್ರಾ, ಹೊದಿಕೆ, ಕಾಲುಚೀಲ, ಚಾರ್ಜರ್, ನೀರಿನ ಬಾಟಲಿ. ಹೊದಿಕೆ ಮತ್ತು ಕಾಲುಚೀಲ ಏಕೆಂದು, ನೋವು ಬರಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯ ನಡುಕ ಬಂದಾಗ ಗೊತ್ತಾಗುತ್ತದೆ. ಮಗುವನ್ನು ಸುತ್ತಲು ಮೆತ್ತನೆಯ ಬಟ್ಟೆಯೊಂದನ್ನೂ ಇಟ್ಟುಕೊಳ್ಳಿ, ಬಳಸುವುದು ಬಿಡುವುದು ಆಮೇಲೆ.

ಇನ್ನೊಂದು ಮಾತು. ಸಾಧ್ಯವಾದರೆ ಬೇರೆ ಹೆರಿಗೆಗಳ ಸದ್ದು ಕೇಳದ ಕೋಣೆ ಅಥವಾ ಮೂಲೆಯ ಮಂಚ ಕೇಳಿ. ಎಲ್ಲ ಕಡೆ ಸಿಗುವುದಿಲ್ಲ. ಪರದೆಯಾದರೂ ಕಟ್ಟಿಸಿಕೊಳ್ಳಬಹುದು.

ಮೊದಲ ಮಾತ್ರೆ

ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ಒಂದೇ ಮಾತ್ರೆ, ನೀರಿನೊಂದಿಗೆ ನುಂಗುವುದು. ಗರ್ಭವನ್ನು ಹಿಡಿದಿಟ್ಟಿರುವ ಪ್ರೊಜೆಸ್ಟರಾನ್ ಹಾರ್ಮೋನಿಗೆ ಇದು ತಡೆ ಹಾಕುತ್ತದೆ, ಗರ್ಭಕೋಶದ ಬಾಯಿ ಮೆತ್ತಗಾಗುತ್ತದೆ, ಮುಂದೆ ಕೊಡುವ ಮಾತ್ರೆಗೆ ಗರ್ಭಕೋಶ ಬೇಗ ಸ್ಪಂದಿಸುತ್ತದೆ. ಹೆಚ್ಚಿನವರಿಗೆ ಇದನ್ನು ನುಂಗಿದ ಮೇಲೆ ಏನೂ ಅನ್ನಿಸುವುದಿಲ್ಲ. ಕೆಲವರಿಗೆ ಕಿಬ್ಬೊಟ್ಟೆ ಹಿಡಿದಂತಾಗಿ ಸ್ವಲ್ಪ ರಕ್ತ ಕಾಣುತ್ತದೆ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ನರ್ಸಿಗೆ ಹೇಳಿ. ಮನಸ್ಸಿನಲ್ಲಿ ಇನ್ನೂ ಹೊಯ್ದಾಟ ಇದ್ದರೆ ಅದನ್ನು ಹೇಳುವ ಹೊತ್ತು ಈ ಮಾತ್ರೆ ಬಾಯಿಗೆ ಹಾಕುವ ಮೊದಲು. ಒಂದು ದಿನ ಮುಂದೂಡಿದರೆ ವೈದ್ಯರು ಬೇಸರಿಸಿಕೊಳ್ಳುವುದಿಲ್ಲ, ಬೇಸರಿಸಿದರೂ ಪರವಾಗಿಲ್ಲ.

ಮುಂದಿನ ಮಾತ್ರೆಗೆ 24ರಿಂದ 48 ಗಂಟೆ ಅಂತರ. ಈ ಅಂತರದಲ್ಲಿ ಕೆಲವು ಕಡೆ ಮನೆಗೆ ಕಳಿಸುತ್ತಾರೆ. ಊರು ದೂರವಿದ್ದರೆ ಹೋಗಬೇಡಿ, ಆಸ್ಪತ್ರೆಯ ಹತ್ತಿರವೇ ಉಳಿಯಿರಿ.

22 ವಾರದ ಸುಮಾರಿಗೆ ಅಥವಾ ಅದರ ಮೇಲಾಗಿದ್ದರೆ ನೋವು ಬರಿಸುವ ಮೊದಲು ಮಗುವಿನ ಹೃದಯ ನಿಲ್ಲಿಸುವ ಇಂಜೆಕ್ಷನ್ ಕೊಡುವ ಪದ್ಧತಿ ಇದೆ. ನಿಮ್ಮ ಹೊಟ್ಟೆಯ ಚರ್ಮ ಮರಗಟ್ಟಿಸಿ, ಸ್ಕ್ಯಾನ್ ನೋಡಿಕೊಂಡು, ಉದ್ದನೆಯ ತೆಳ್ಳಗಿನ ಸೂಜಿಯಿಂದ ಪೊಟ್ಯಾಸಿಯಂ ಕ್ಲೋರೈಡ್ ಅನ್ನು ಮಗುವಿನ ಹೃದಯಕ್ಕೆ ಕೊಡುತ್ತಾರೆ, ಬಡಿತ ನಿಂತಿದೆ ಎಂದು ಸ್ಕ್ಯಾನ್‌ನಲ್ಲೇ ಖಚಿತಪಡಿಸಿಕೊಳ್ಳುತ್ತಾರೆ. ಗರ್ಭವೈದ್ಯಕೀಯದಲ್ಲಿ ತರಬೇತಿ ಪಡೆದವರೇ ಇದನ್ನು ಮಾಡಬೇಕು. ಸ್ಕ್ಯಾನ್ ಪರದೆಯನ್ನು ನಿಮ್ಮ ಕಡೆಯಿಂದ ತಿರುಗಿಸಿಡಲು ಹೇಳಬಹುದು. ಆಮೇಲೆ ಒದೆತ, ಅಲುಗಾಟ ನಿಲ್ಲುತ್ತದೆ. ಅನೇಕರು ಹೇಳುವಂತೆ ಇಡೀ ಸರದಿಯಲ್ಲಿ ಅತಿ ಕಷ್ಟದ ಗಳಿಗೆ ಅದೇ, ಹೆರಿಗೆ ನೋವಲ್ಲ. ಅಂದು ಜೊತೆಗಿರುವವರು ನಿಮಗೆ ನಿಜಕ್ಕೂ ಬೇಕಾದವರಾಗಿರಲಿ.

ಈ ಇಂಜೆಕ್ಷನ್ ಇಲ್ಲದೆ ಆದ ಹೆರಿಗೆಯಲ್ಲಿ ಹೊರಬಂದ ಮಗು ಕೆಲವು ನಿಮಿಷ ಅಲುಗಾಡುವುದು, ಒಂದೆರಡು ಸಲ ಉಸಿರೆಳೆದಂತೆ ಕಾಣುವುದು ಉಂಟು. ಹಾಗಾದರೆ ಏನು ಮಾಡುತ್ತೀರಿ, ಮಗುವನ್ನು ಎಲ್ಲಿ ಇಡುತ್ತೀರಿ ಎಂದು ಮುಂಚೆಯೇ ವೈದ್ಯರನ್ನು ಕೇಳಿಬಿಡಿ.

ನೋವು ಬರಿಸುವ ಮಾತ್ರೆ

ಮಿಸೊಪ್ರೊಸ್ಟಾಲ್ 400 ಮೈಕ್ರೋಗ್ರಾಂ, ಅಂದರೆ 200ರ ಎರಡು ಮಾತ್ರೆ, ಮೂರು ಗಂಟೆಗೊಮ್ಮೆ. ನಾಲಿಗೆ ಕೆಳಗೆ, ಕೆನ್ನೆಯೊಳಗೆ ಅಥವಾ ಯೋನಿಯಲ್ಲಿ ಇಡುತ್ತಾರೆ. ಬಾಯಲ್ಲಿಟ್ಟರೆ ಅರ್ಧ ಗಂಟೆ ಕರಗಲು ಬಿಟ್ಟು ಉಳಿದದ್ದನ್ನು ನೀರು ಕುಡಿದು ನುಂಗಿ. ಸೀಮೆಸುಣ್ಣ ಕಚ್ಚಿದಂತಿರುತ್ತದೆ. ಯೋನಿಯಲ್ಲಿಟ್ಟರೆ ಅರ್ಧ ಗಂಟೆ ಮಲಗಿಯೇ ಇರಿ. ಗರ್ಭ ಬೆಳೆದಷ್ಟೂ ಗರ್ಭಕೋಶಕ್ಕೆ ಈ ಔಷಧಿ ಜೋರಾಗಿ ನಾಟುತ್ತದೆ, ಆದ್ದರಿಂದ 24 ವಾರ ದಾಟಿದವರಿಗೆ ಪ್ರಮಾಣ ಇಳಿಸುತ್ತಾರೆ. ಸಿಸೇರಿಯನ್ ಆದವರಿಗೂ ಪ್ರಮಾಣ ಕಡಿಮೆ ಮಾಡುವುದೋ ಅಂತರ ಹೆಚ್ಚಿಸುವುದೋ ಮಾಡಬಹುದು. ಪಕ್ಕದ ಮಂಚದವರಿಗೆ ಕೊಟ್ಟಷ್ಟು ನಿಮಗೆ ಕೊಡಲಿಲ್ಲ ಎಂದು ಗಾಬರಿಯಾಗಬೇಡಿ.

ಮೊದಲ ಡೋಸಿನ ಒಂದೆರಡು ಗಂಟೆಯಲ್ಲಿ ಚಳಿ, ನಡುಕ, ಜ್ವರ, ವಾಕರಿಕೆ, ಭೇದಿ ಬರಬಹುದು. ಇದು ಔಷಧಿಯದೇ ಗುಣ, ಸೋಂಕಲ್ಲ. ಮಾತ್ರೆ ನಿಂತ ಮೇಲೂ ಒಂದು ದಿನ ದಾಟಿ ಉಳಿದ ಜ್ವರ ಬೇರೆ ವಿಷಯ.

ಮಿಫೆಪ್ರಿಸ್ಟೋನ್ ಮೊದಲೇ ತೆಗೆದುಕೊಂಡಿದ್ದರೆ ಮಿಸೊಪ್ರೊಸ್ಟಾಲ್ ಶುರುವಾದ 6ರಿಂದ 12 ಗಂಟೆಯಲ್ಲಿ ಬಹಳ ಜನರಿಗೆ ಹೆರಿಗೆ ಆಗುತ್ತದೆ, ಹೆಚ್ಚಿನವರಿಗೆ 24 ಗಂಟೆಯೊಳಗೆ. ಚೊಚ್ಚಲಾದರೆ ನಿಧಾನ. 24 ಗಂಟೆಯಾದರೂ ಆಗದಿದ್ದರೆ ಸೋಲಲ್ಲ. ಸ್ವಲ್ಪ ವಿರಾಮ ಕೊಟ್ಟು ಮತ್ತೊಂದು ಸುತ್ತು ಮಾತ್ರೆ ಕೊಡುತ್ತಾರೆ, ಇಲ್ಲವೇ ಫೋಲಿ ಕ್ಯಾತಿಟರ್ ಹಾಕುತ್ತಾರೆ. ವಾರ್ಡಿನಲ್ಲಿ ‘ಪೈಪ್ ಹಾಕ್ತಾರೆ’ ಅನ್ನುವುದು ಇದನ್ನೇ: ರಬ್ಬರ್ ನಳಿಕೆಯನ್ನು ಗರ್ಭಕೋಶದ ಬಾಯಿಯಿಂದ ಒಳಗೆ ಕಳಿಸಿ ತುದಿಯ ಬಲೂನನ್ನು ನೀರಿನಿಂದ ಉಬ್ಬಿಸುತ್ತಾರೆ, ಅದು ಬಾಯಿಯನ್ನು ಹಿಗ್ಗಿಸುತ್ತದೆ. ಇದೇ ನಳಿಕೆಯಿಂದ ಎಂಕ್ರೆಡಿಲ್ ಎಂಬ ಹಳದಿ ದ್ರವ ಬಿಡುವ ಪದ್ಧತಿ ನಮ್ಮಲ್ಲಿ ಬಹಳ ಕಾಲ ನಡೆಯಿತು, ಗರ್ಭದ ಒಂದೊಂದು ವಾರಕ್ಕೆ 10 ಮಿ.ಲೀ. ಲೆಕ್ಕದಲ್ಲಿ, ಒಟ್ಟು 150 ಮೀರದಂತೆ. ಮಾತ್ರೆಗಳು ಬಂದ ಮೇಲೆ ಅದರ ಬಳಕೆ ಇಳಿದಿದೆ. ಆಕ್ಸಿಟೋಸಿನ್ ಡ್ರಿಪ್ಪನ್ನು ಕೊನೆಯ ಮಿಸೊಪ್ರೊಸ್ಟಾಲ್ ಆಗಿ ಸುಮಾರು ನಾಲ್ಕು ಗಂಟೆ ಕಳೆದ ಮೇಲೆ ಶುರುಮಾಡುತ್ತಾರೆ. ಎರಡೂ ಒಟ್ಟಿಗೆ ಬಿದ್ದರೆ ಗರ್ಭಕೋಶ ಬಿಗಿದು ನಿಲ್ಲುತ್ತದೆ.

ಸಿಸೇರಿಯನ್ ಆದವರು ಮತ್ತು ಅವರ ಜೊತೆಗಿರುವವರು ನೆನಪಿಡಬೇಕಾದ್ದು: ಬಂದು ಹೋಗುವ ನೋವು ಇದ್ದಕ್ಕಿದ್ದಂತೆ ನಿಂತು, ಹೊಟ್ಟೆಯಲ್ಲಿ ಬಿಡದ ಚುಚ್ಚು ನೋವು ಶುರುವಾಗಿ, ಮೈ ಬೆವರಿ, ಕಣ್ಣು ಕತ್ತಲೆ ಬಂದರೆ ಆ ಕ್ಷಣವೇ ಕೂಗಿ ಕರೆಯಿರಿ. ಗರ್ಭಕೋಶ ಹರಿಯುವುದು ಅಪರೂಪ, ಹರಿದರೆ ನಿಮಿಷಗಳ ಆಟ.

ಇನ್ನೊಂದು ದಾರಿ, ಗರ್ಭಕೋಶದ ಬಾಯಿಯನ್ನು ಮುಂಚೆ ಹದಮಾಡಿ, ಅರಿವಳಿಕೆ ಕೊಟ್ಟು, ಉಪಕರಣಗಳಿಂದ ತೆಗೆಯುವುದು. ಡಿ ಅಂಡ್ ಇ ಅನ್ನುತ್ತಾರೆ. ಅರ್ಧ ಗಂಟೆಯೊಳಗೆ ಮುಗಿಯುತ್ತದೆ, ಹೆರಿಗೆ ನೋವು ಇಲ್ಲ. ಆದರೆ ಇದರಲ್ಲಿ ಪಳಗಿದ ವೈದ್ಯರು ನಮ್ಮಲ್ಲಿ ಕಡಿಮೆ, ಪಳಗದ ಕೈಗೆ ಸಿಕ್ಕರೆ ಗರ್ಭಕೋಶ ತೂತಾಗುವ ಅಪಾಯ ಇದೆ. ಮಗು ಇಡಿಯಾಗಿ ಬರುವುದಿಲ್ಲ, ಹಾಗಾಗಿ ನೋಡಲೂ ಆಗದು, ಪೂರ್ಣ ಶವಪರೀಕ್ಷೆಯೂ ಆಗದು. ಜೀನ್ ಪರೀಕ್ಷೆಗೆ ಮಾದರಿ ಮಾತ್ರ ಸಿಗುತ್ತದೆ.

ನೋವು ತಡೆದುಕೊಳ್ಳುವುದು ನಿಮ್ಮ ಕೆಲಸವಲ್ಲ

ಇದು ಹೆರಿಗೆ ನೋವೇ. ‘ಸಣ್ಣ ಮಗು, ಸಣ್ಣ ನೋವು’ ಎಂದು ಯಾರೋ ಹೇಳಿದ್ದನ್ನು ನಂಬಬೇಡಿ. ಮಾಮೂಲಿ ಹೆರಿಗೆಯಲ್ಲಿ ಮಗುವಿಗೆ ತೊಂದರೆಯಾದೀತೆಂದು ಕೆಲವು ಔಷಧಿಗಳನ್ನು ಕೈಹಿಡಿದು ಕೊಡುತ್ತಾರೆ. ಇಲ್ಲಿ ಆ ಕಾರಣವೇ ಇಲ್ಲ. ಮೊದಲ ಮಿಸೊಪ್ರೊಸ್ಟಾಲ್ ಜೊತೆಗೇ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಶುರುಮಾಡಿಸಿಕೊಳ್ಳಿ. ಇವು ಗರ್ಭಪಾತದ ಮಾತ್ರೆಯ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ, ಆ ಭಯ ಕೆಲವು ನರ್ಸುಗಳಿಗೂ ಇರುತ್ತದೆ. ಜೊತೆಗೆ ಪ್ಯಾರಾಸಿಟಮಾಲ್. ನೋವು ಏರಿದಾಗ ಟ್ರಮಡಾಲ್ ಅಥವಾ ಪೆಥಿಡಿನ್ ಇಂಜೆಕ್ಷನ್, ಅರಿವಳಿಕೆ ತಜ್ಞರಿದ್ದರೆ ಬೆನ್ನಿಗೆ ಕೊಡುವ ಎಪಿಡ್ಯೂರಲ್. ರಾತ್ರಿ ಪಾಳಿಯಲ್ಲಿ ಇವುಗಳಲ್ಲಿ ಯಾವುದು ಸಿಗುತ್ತದೆ ಎಂದು ಹಗಲಿನಲ್ಲೇ ಕೇಳಿ ಕೇಸ್ ಶೀಟಿನಲ್ಲಿ ಬರೆಸಿ. ಬರೆದಿಲ್ಲದ ಇಂಜೆಕ್ಷನ್ನನ್ನು ರಾತ್ರಿ ಎರಡು ಗಂಟೆಗೆ ಯಾರೂ ಕೊಡುವುದಿಲ್ಲ.

ಹೊರಬರುವ ಹೊತ್ತು

ನೀರು ಒಡೆಯುತ್ತದೆ, ಆಮೇಲೆ ಮಲವಿಸರ್ಜನೆಗೆ ಬಂದಂತೆ ಕೆಳಗೆ ಒತ್ತಡ. ಆಗ ಒಬ್ಬರೇ ಟಾಯ್ಲೆಟ್ಟಿಗೆ ಹೋಗಬೇಡಿ. ಅಲ್ಲೇ ಹೆರಿಗೆಯಾಗಿಬಿಡುವುದು ಈ ವಾರಗಳಲ್ಲಿ ಸಾಮಾನ್ಯ, ಅದನ್ನು ಮರೆಯಲು ಬಹಳ ಕಷ್ಟ. ಬೆಡ್‌ಪ್ಯಾನ್ ಕೇಳಿ, ನರ್ಸನ್ನು ಕರೆಯಿರಿ.

20 ವಾರದ ಮಗು ತಲೆಯಿಂದ ಪಾದದವರೆಗೆ ಸುಮಾರು 25 ಸೆಂ.ಮೀ. ಉದ್ದ, 300 ಗ್ರಾಂ ಆಸುಪಾಸಿನ ತೂಕ ಇರುತ್ತದೆ. 24 ವಾರದ್ದು ಸುಮಾರು 30 ಸೆಂ.ಮೀ., 600 ಗ್ರಾಂ. ಚರ್ಮ ತೆಳ್ಳಗೆ, ಕೆಂಪಗೆ. ಕೈಕಾಲು, ಬೆರಳು ಪೂರ್ತಿ ಮೂಡಿರುತ್ತವೆ. ನೋಡಬೇಕೋ ಬೇಡವೋ ಎನ್ನುವುದು ತಾಯಿಯ ತೀರ್ಮಾನ. ಮನೆಯ ಹಿರಿಯರು ‘ನೋಡಬೇಡವ್ವ, ಮನಸ್ಸಿಗೆ ಹತ್ತಿಕೊಳ್ತದೆ’ ಅನ್ನುತ್ತಾರೆ, ಅದು ಪ್ರೀತಿಯ ಮಾತೇ. ಆದರೆ ಸ್ಕ್ಯಾನಿನ ಮಾತು ಕೇಳಿ ಮನಸ್ಸು ಕಟ್ಟಿಕೊಂಡ ಚಿತ್ರ ನಿಜಕ್ಕಿಂತ ಭಯಂಕರವಾಗಿರುವುದೂ ಉಂಟು. ತಕ್ಷಣ ಬೇಡ ಅನ್ನಿಸಿದರೆ ಬಟ್ಟೆಯಲ್ಲಿ ಸುತ್ತಿ ಒಂದೆರಡು ಗಂಟೆ ಇಟ್ಟಿರಲು ಹೇಳಿ. ಮೊದಲು ನರ್ಸ್ ನೋಡಿ ಹೇಗಿದೆ ಎಂದು ಬಾಯಲ್ಲಿ ಹೇಳಲಿ, ಆಮೇಲೆ ನಿರ್ಧರಿಸಿ. ನೋಡದೆ ಕಳಿಸಿದರೂ ತಪ್ಪಲ್ಲ.

ಕಸ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಬೀಳುತ್ತದೆ. ತುಂಬು ಹೆರಿಗೆಗಿಂತ ಇಲ್ಲಿ ಅದು ಒಳಗೆ ಉಳಿಯುವುದು ಹೆಚ್ಚು, ಏಕೆಂದರೆ ಅದು ಬಿಟ್ಟುಕೊಳ್ಳುವ ಕಾಲ ಇನ್ನೂ ಬಂದಿರುವುದಿಲ್ಲ. ರಕ್ತ ಹೆಚ್ಚು ಹೋಗದಿದ್ದರೆ ಆಕ್ಸಿಟೋಸಿನ್ ಕೊಟ್ಟು ಕಾಯುತ್ತಾರೆ. ಬಳ್ಳಿ ಹಿಡಿದು ಎಳೆದರೆ ಕಿತ್ತುಬರುತ್ತದೆ, ಎಳೆಯಬಾರದು. ಬೀಳದಿದ್ದರೆ ಅಥವಾ ರಕ್ತ ಹೆಚ್ಚಾದರೆ ಅರಿವಳಿಕೆ ಕೊಟ್ಟು ಸಕ್ಷನ್‌ನಿಂದ ತೆಗೆಯುತ್ತಾರೆ. ‘ಕೊನೆಗೂ ಕ್ಲೀನಿಂಗ್ ಮಾಡಬೇಕಾಯ್ತು’ ಎಂದು ಇದನ್ನು ಹೇಳುವುದು, ಏನೋ ಎಡವಟ್ಟಾಯಿತು ಎಂದು ಅರ್ಥವಲ್ಲ.

ಮಗುವಿನ ಪರೀಕ್ಷೆ: ಒಂದೇ ಸಲ ಸಿಗುವ ಅವಕಾಶ

ಮುಂದಿನ ಬಸಿರಿನಲ್ಲಿ ಹೀಗೆಯೇ ಆಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿ. ದುಃಖದಲ್ಲಿ ‘ಏನೂ ಬೇಡ, ಕಳಿಸಿಬಿಡಿ’ ಅಂದವರು ಆರು ತಿಂಗಳ ಮೇಲೆ ಬಂದು ಕೇಳಿದರೆ ಹೇಳಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಈ ಮಾತು ಮೊದಲ ಮಾತ್ರೆಗೂ ಮುಂಚೆ ಆಗಬೇಕು.

ಶವಪರೀಕ್ಷೆಗೆ ದೇಹವನ್ನು, ಅದು ಕೆಡದಂತೆ ಇಡುವ ದ್ರವವಾದ ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಆದರೆ ಜೀನ್ ಪರೀಕ್ಷೆಯ ಮಾದರಿ ಫಾರ್ಮಲಿನ್ ಮುಟ್ಟಬಾರದು, ಮುಟ್ಟಿದರೆ ಕೆಟ್ಟಂತೆ. ಚರ್ಮದ ಅಥವಾ ಕಸದ ಚೂರನ್ನು ಸ್ಟೆರೈಲ್ ಸಲೈನ್‌ನಲ್ಲಿ, ಹೊಕ್ಕುಳಬಳ್ಳಿಯ ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಮೊದಲು ತೆಗೆದಿಟ್ಟು, ಆಮೇಲೆ ದೇಹವನ್ನು ಫಾರ್ಮಲಿನ್‌ಗೆ ಹಾಕಬೇಕು. ರಾತ್ರಿ ಹೆರಿಗೆಯಾದಾಗ ತಪ್ಪುವುದು ಈ ಕ್ರಮವೇ. ಲ್ಯಾಬಿನ ಡಬ್ಬಿ, ಟ್ಯೂಬುಗಳನ್ನು ಮುಂಚೆಯೇ ತರಿಸಿ ಹೆಸರು ಬರೆದು ನರ್ಸ್ ಕೈಗೆ ಕೊಟ್ಟಿರಿ, ಮಾದರಿ ಬೆಳಗಿನವರೆಗೆ ಫ್ರಿಜ್‌ನಲ್ಲಿರಲಿ, ಫ್ರೀಜರಿನಲ್ಲಲ್ಲ. ಹೃದಯ ನಿಲ್ಲಿಸಿ ಬಹಳ ಹೊತ್ತಾಗಿದ್ದರೆ ಜೀವಕೋಶ ಬೆಳೆಸಿ ಮಾಡುವ ಕ್ರೋಮೋಸೋಮ್ ಪರೀಕ್ಷೆ ಕೈಕೊಡುತ್ತದೆ, ಡಿಎನ್‌ಎ ನೇರವಾಗಿ ನೋಡುವ ಮೈಕ್ರೋಅರೇ ನಡೆಯುತ್ತದೆ. ಮೂಳೆಯ ತೊಂದರೆ ಇದ್ದರೆ ಮಗುವಿನ ಪೂರ್ಣ ಎಕ್ಸ್‌ರೇ ತೆಗೆಸಿ, ಅಗ್ಗದ್ದು, ಬಹಳ ಉಪಯೋಗದ್ದು. ಅತ್ಯಾಚಾರದ ಪ್ರಕರಣದಲ್ಲಿ ಡಿಎನ್‌ಎ ಮಾದರಿಯನ್ನು ಪೊಲೀಸರಿಗಾಗಿ ತೆಗೆದಿಡಬೇಕು, ತಾರೀಕು ಗೊತ್ತಾದ ಕೂಡಲೇ ಅವರಿಗೆ ತಿಳಿಸಿ.

ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದವರು ಈ ಪರೀಕ್ಷೆ ಬಿಡಲೇಬಾರದು. ಇಬ್ಬರೂ ಒಂದೇ ದೋಷವನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ ಇರುತ್ತದೆ. ದೋಷ ಯಾವುದೆಂದು ಗೊತ್ತಾದರೆ ಮುಂದಿನ ಸಲ 11–13 ವಾರಕ್ಕೇ ಪರೀಕ್ಷಿಸಬಹುದು, ಐದನೇ ತಿಂಗಳವರೆಗೆ ಕಾಯಬೇಕಿಲ್ಲ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದಕ್ಕೆ ಸಲಹೆ ಸಿಗುತ್ತದೆ. ಬೆನ್ನುಹುರಿ, ತಲೆಬುರುಡೆಯ ದೋಷವಾಗಿದ್ದರೆ ಮುಂದಿನ ಬಸಿರಿಗೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ ದಿನಕ್ಕೆ 5 ಮಿ.ಗ್ರಾಂ ಫೋಲಿಕ್ ಆಸಿಡ್. ಸಾಮಾನ್ಯ ಬಸಿರಿಗೆ ಹೇಳುವ ಪ್ರಮಾಣ ಇದಕ್ಕೆ ಸಾಲದು.

ಉಳಿದ ದೇಹ, ನೀವು ಕೇಳದಿದ್ದರೆ, ಜೈವಿಕ ತ್ಯಾಜ್ಯದ ನಿಯಮದಂತೆ ಹಳದಿ ಚೀಲಕ್ಕೆ ಹೋಗುತ್ತದೆ. ಮಣ್ಣು ಮಾಡಬೇಕೆಂಬ ಆಸೆ ಇದ್ದರೆ ಅಡ್ಮಿಟ್ ಆಗುವಾಗಲೇ ಹೇಳಿ. ಆಸ್ಪತ್ರೆಯಿಂದ ಆಸ್ಪತ್ರೆಗೆ ಪದ್ಧತಿ ಬೇರೆ, ಹೆರಿಗೆಯಾದ ಮೇಲೆ ಕೇಳಿದರೆ ತಡವಾಗಿರಬಹುದು.

ಮನೆಗೆ ಹೊರಡುವ ಮುನ್ನ, ಮತ್ತು ಮನೆಯಲ್ಲಿ

ನಿಮ್ಮದು ನೆಗೆಟಿವ್ ಗುಂಪಿನ ರಕ್ತವಾಗಿದ್ದರೆ 72 ಗಂಟೆಯೊಳಗೆ, ಮುಂದಿನ ಬಸಿರಿನ ಮಗುವಿಗೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ 300 ಮೈಕ್ರೋಗ್ರಾಂ ಇಂಜೆಕ್ಷನ್ ಆಗಿರಬೇಕು. ಡಿಸ್ಚಾರ್ಜ್ ಕಾಗದದಲ್ಲಿ ಅದು ಬರೆದಿದೆಯೇ ನೋಡಿ.

ಹಾಲಿನ ವಿಷಯ ಯಾರೂ ಹೇಳುವುದಿಲ್ಲ. ಎರಡರಿಂದ ನಾಲ್ಕನೇ ದಿನದಲ್ಲಿ ಎದೆ ಬಿಗಿದು, ಬಿಸಿಯಾಗಿ, ಬಟ್ಟೆ ಒದ್ದೆಯಾಗುತ್ತದೆ. ಮೊದಲ ದಿನವೇ ಕ್ಯಾಬರ್ಗೋಲಿನ್ 1 ಮಿ.ಗ್ರಾಂ ಒಂದು ಸಲ ನುಂಗಿದರೆ ಹೆಚ್ಚಿನವರಿಗೆ ಹಾಲು ಬರುವುದಿಲ್ಲ. ಬಿಪಿ ಇರುವವರಿಗೆ ಇದು ಆಗದು. ಹಾಲು ಬಂದ ಮೇಲಾದರೆ 0.25 ಮಿ.ಗ್ರಾಂ ದಿನಕ್ಕೆರಡು ಸಲ, ಎರಡು ದಿನ. ಮಾತ್ರೆ ಬೇಡವೆಂದರೆ ಬಿಗಿ ಬ್ರಾ, ತಣ್ಣೀರ ಬಟ್ಟೆ. ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವ ಹಳೆಯ ಪದ್ಧತಿಯಿಂದ ಹಾನಿಯಿಲ್ಲ, ಹಾಲು ಬತ್ತಿಸಲು ಅದು ನೆರವಾಗುತ್ತದೆ ಎಂದು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಹಿಂಡಬೇಡಿ, ಬಿಸಿನೀರು ಎರೆಯಬೇಡಿ, ಎರಡರಿಂದಲೂ ಹಾಲು ಹೆಚ್ಚುತ್ತದೆ.

ರಕ್ತ ಎರಡು ವಾರ, ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು, ಕಡಿಮೆಯಾಗುತ್ತಾ ಹೋಗಬೇಕು. ತಾಸಿಗೆ ಎರಡು ದೊಡ್ಡ ಪ್ಯಾಡ್‌ನಂತೆ ಸತತ ಎರಡು ತಾಸು ನೆನೆದರೆ, 100.4 ಡಿಗ್ರಿ ಮೇಲಿನ ಜ್ವರ ಒಂದು ದಿನ ದಾಟಿದರೆ, ಕೆಟ್ಟ ವಾಸನೆಯ ಸ್ರಾವ ಬಂದರೆ, ತಲೆಸುತ್ತಿ ಬಿದ್ದರೆ, ಒಂದು ಕಾಲು ಮಾತ್ರ ಊದಿ ನೋಯತೊಡಗಿದರೆ ಆ ಹೊತ್ತೇ ಆಸ್ಪತ್ರೆಗೆ. ಆಂಬುಲೆನ್ಸಿಗೆ 108. ರಕ್ತ ನಿಲ್ಲುವವರೆಗೆ ಯೋನಿಯೊಳಗೆ ಏನೂ ಇಡಬೇಡಿ, ಸಂಭೋಗ ಬೇಡ.

ಮನೆಯವರು ಬಾಣಂತನದ ಉಪಚಾರ ಮಾಡುತ್ತೇವೆ ಎಂದರೆ ಬೇಡ ಅನ್ನಬೇಡಿ. ಬೆಚ್ಚಗಿನ ಊಟ, ವಿಶ್ರಾಂತಿ ಬೇಕಾದದ್ದೇ. ನೀರು ಕಡಿಮೆ ಕುಡಿಸುವುದು, ಸೊಪ್ಪು ತರಕಾರಿ ಹಣ್ಣು ಬಿಡಿಸುವುದು ಮಾತ್ರ ಬೇಡ. ರಕ್ತ ಹೋದ ಮೈಗೆ ಕಬ್ಬಿಣದ ಮಾತ್ರೆ ಮೂರು ತಿಂಗಳಾದರೂ ಬೇಕು.

ಮುಟ್ಟು ನಾಲ್ಕರಿಂದ ಆರು ವಾರಕ್ಕೆ ಮರಳುತ್ತದೆ. ಅಂಡ ಬಿಡುಗಡೆ ಅದಕ್ಕೂ ಮೊದಲೇ, ಎರಡು ಮೂರು ವಾರಕ್ಕೇ ಆಗಬಹುದು. ‘ಮುಟ್ಟೇ ಆಗಿಲ್ಲವಲ್ಲ’ ಎಂದು ಸುಮ್ಮನಿದ್ದು ಮತ್ತೆ ಬಸಿರಾಗಿ ಬರುವವರಿದ್ದಾರೆ. ಕಾಪರ್-ಟಿಯನ್ನು ಸೋಂಕಿಲ್ಲದಿದ್ದರೆ ಅಲ್ಲೇ ಹಾಕಬಹುದು, ಮೂರು ತಿಂಗಳಿಗೊಮ್ಮೆ ಹಾಕಿಸುವ ‘ಅಂತರಾ’ ಗರ್ಭನಿರೋಧಕ ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮುಂದಿನ ಬಸಿರಿಗೆ ಪರೀಕ್ಷೆಯ ವರದಿಗಳೆಲ್ಲ ಕೈಗೆ ಬರುವವರೆಗಾದರೂ ಕಾಯಿರಿ.

ಕೆಲಸಕ್ಕೆ ಹೋಗುವವರಿಗೆ ಹೆರಿಗೆ ಸೌಲಭ್ಯದ ಕಾನೂನಿನ ಪ್ರಕಾರ ಗರ್ಭಪಾತದ ಮರುದಿನದಿಂದ ಆರು ವಾರ ಸಂಬಳ ಸಹಿತ ರಜೆ ಇದೆ, ಇದರಿಂದಲೇ ಕಾಯಿಲೆಯಾದರೆ ಇನ್ನೊಂದು ತಿಂಗಳು. ಇಎಸ್‌ಐ ಇರುವವರಿಗೂ ಆರು ವಾರದ ಹಣ ಬರುತ್ತದೆ. ವೈದ್ಯರ ಪ್ರಮಾಣಪತ್ರ ಸಾಕು, ಕಾರಣವನ್ನು ಆಫೀಸಿನ ಎಲ್ಲರಿಗೂ ವಿವರಿಸಬೇಕಿಲ್ಲ.

ಅಳು, ನಿದ್ರೆ ಬಾರದಿರುವುದು, ಯಾರ ಮಗುವನ್ನೂ ನೋಡಲಾಗದಿರುವುದು ವಾರಗಟ್ಟಲೆ ಇದ್ದರೂ ಸಹಜ. ಬಿಡುಗಡೆಯಾಯಿತು ಅನ್ನಿಸುವುದೂ ಸಹಜ, ಅದಕ್ಕೆ ನಾಚಬೇಕಿಲ್ಲ. ಊಟ, ಸ್ನಾನವನ್ನೇ ಬಿಟ್ಟರೆ, ಬದುಕು ಬೇಡ ಎಂಬ ಯೋಚನೆ ಬಂದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ. ಗಂಡನಿಗೂ ಇದೇ ನಂಬರ್. ಅವರನ್ನು ಯಾರೂ ಕೇಳುವುದಿಲ್ಲ.

ಎರಡು ವಾರ ಕಳೆದ ಮೇಲೆ ಒಮ್ಮೆ ವೈದ್ಯರನ್ನು ನೋಡಿ, ಶವಪರೀಕ್ಷೆಯ ವರದಿ ಬಂದ ಮೇಲೆ ಇನ್ನೊಮ್ಮೆ. ಮನೆಯಲ್ಲಿ ಟೆಸ್ಟ್ ಕಿಟ್ ಹಾಕಿ ನೋಡಬೇಡಿ, ನಾಲ್ಕು ವಾರದವರೆಗೂ ಎರಡು ಗೆರೆ ಬರುತ್ತಲೇ ಇರಬಹುದು. ಬಸಿರಿನ ವಾರ ಎಣಿಸುವ ಆ್ಯಪ್ ಫೋನಿನಲ್ಲಿದ್ದರೆ ಬೇರೆ ಯಾರಾದರೂ ತೆಗೆದುಹಾಕಲಿ. ತಾಯಿ ಕಾರ್ಡ್ ಮಾಡಿಸಿದ ಆಶಾ ಕಾರ್ಯಕರ್ತೆಗೂ ಒಂದು ಮಾತು ತಿಳಿಸಿರಿ. ಇಲ್ಲದಿದ್ದರೆ ದಾಖಲೆಯಲ್ಲಿ ನಿಮ್ಮ ಬಸಿರು ನಡೆಯುತ್ತಲೇ ಇರುತ್ತದೆ, ದಿನ ತುಂಬುವ ತಿಂಗಳಲ್ಲಿ ‘ಹೆರಿಗೆ ಆಯ್ತಾ ಅಕ್ಕಾ?’ ಎಂದು ಕೇಳಿಕೊಂಡು ಅವರು ಬಾಗಿಲಿಗೆ ಬರುತ್ತಾರೆ.